ಮುಟ್ಟಿನ ನೋವು ಮಾತ್ರೆಗೆ ಬಗ್ಗದಿದ್ದರೆ

ಎಂಡೊಮೆಟ್ರಿಯೋಸಿಸ್ ಎಂದರೇನು?
ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶವು ಅಂಡಾಶಯ, ಕಿಬ್ಬೊಟ್ಟೆಯ ಒಳಗೋಡೆ ಮುಂತಾದ ಕಡೆ ಬೆಳೆಯುವ ಕಾಯಿಲೆಯಿದು. ಮುಟ್ಟಾಗುವ ವಯಸ್ಸಿನ ಸುಮಾರು 10 ಮಹಿಳೆಯರಲ್ಲಿ ಒಬ್ಬರಿಗೆ ಇರುತ್ತದೆ. ಮುಟ್ಟಿನಲ್ಲಿ ತಡೆಯಲಾಗದ ನೋವು, ಕೆಲವರಿಗೆ ಗರ್ಭ ಧರಿಸಲು ತೊಂದರೆ ಇದರ ಲಕ್ಷಣಗಳು.

ಕೆಲವರಿಗೆ ಮಾತ್ರೆ ಏಕೆ ಗುಣ ಕೊಡುವುದಿಲ್ಲ?
ಮನೆಯ ವೈರಿಂಗ್ ಸರಿಯಿದ್ದರೂ ಸ್ವಿಚ್ ಆಫ್ ಆಗಿದ್ದರೆ ದೀಪ ಹತ್ತುವುದಿಲ್ಲ. ನಮ್ಮ ಜೀನ್‌ಗಳೂ ಹಾಗೆಯೇ. ಜೀನ್ ಕೆಡದೆ ಅದರ ಸ್ವಿಚ್ ಮಾತ್ರ ಬದಲಾಗುವುದನ್ನು ಎಪಿಜೆನೆಟಿಕ್ ಬದಲಾವಣೆ ಎನ್ನುತ್ತಾರೆ. ಈ ಅಂಗಾಂಶದಲ್ಲಿ ಪ್ರೊಜೆಸ್ಟರಾನ್ ಹಾರ್ಮೋನನ್ನು ಗ್ರಹಿಸುವ ಜೀನಿಗೆ ಮೀಥೈಲ್ ಎಂಬ ರಾಸಾಯನಿಕ ಅಂಟಿಕೊಂಡು ಅದು ಮಂಕಾಗಿರುವುದು 2006ರ ಅಧ್ಯಯನದಲ್ಲಿ ಕಂಡುಬಂತು. ಆದ್ದರಿಂದ ಬೆಳವಣಿಗೆ ತಡೆಯಲು ಕೊಡುವ ಪ್ರೊಜೆಸ್ಟರಾನ್ ಜಾತಿಯ ಮಾತ್ರೆ ಕೆಲವರಿಗೆ ಸಾಲದೆ ಹೋಗಬಹುದು.

ಏನು ಮಾಡಬೇಕು?
ಮಾತ್ರೆ ಗುಣ ಕೊಡದಿದ್ದರೆ ಅದು ರೋಗಿಯ ತಪ್ಪಲ್ಲ. ನೋವು ನಾಟಕವೂ ಅಲ್ಲ. ಮನೆಯವರು ದಯವಿಟ್ಟು "ಮದುವೆಯಾದರೆ ಸರಿಹೋಗುತ್ತದೆ" ಎಂದು ಕಾಯಬೇಡಿ. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬೇಡಿ. ನೋವಿನ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ವೈದ್ಯರಿಗೆ ತೋರಿಸಿ. ಬೇರೆ ಮಾತ್ರೆ, ಇಂಜೆಕ್ಷನ್, ಲ್ಯಾಪ್ರೊಸ್ಕೋಪಿ ಶಸ್ತ್ರಚಿಕಿತ್ಸೆ ಇವೆ. ಸ್ವಿಚ್ಚನ್ನೇ ಸರಿಪಡಿಸುವ ಔಷಧ ಇನ್ನೂ ಚಿಕಿತ್ಸೆಗೆ ಬಂದಿಲ್ಲ; ಹಾಗೆಂದು ಯಾರಾದರೂ ಮಾರಿದರೆ ಕೊಳ್ಳಬೇಡಿ.