ಬೆಟ್ಟ, ಹೊಳೆ ಮತ್ತು ಅತಿಥಿ: ನ್ಯೂಜಿಲೆಂಡಿನ ದ್ವೀಪಯಾನಕ್ಕೊಂದು ಯೋಜನೆ

ನೈಋತ್ಯ ಶಾಂತಸಾಗರದಲ್ಲಿರುವ ನ್ಯೂಜಿಲೆಂಡ್, ಉತ್ತರ ದ್ವೀಪ ಮತ್ತು ದಕ್ಷಿಣ ದ್ವೀಪ ಎಂಬ ಎರಡು ದೊಡ್ಡ ನೆಲಗಳನ್ನೂ ಅವುಗಳ ಸುತ್ತ ಚದುರಿದ ನೂರಾರು ಕಿರುದ್ವೀಪಗಳನ್ನೂ ಒಳಗೊಂಡ ದೇಶ; ವಿಸ್ತಾರದಲ್ಲಿ ಅದು ಕರ್ನಾಟಕದ ಸುಮಾರು ಒಂದೂವರೆ ಪಟ್ಟಿದ್ದರೂ ಅಲ್ಲಿರುವ ಜನ 53 ಲಕ್ಷದಷ್ಟು ಮಾತ್ರ. ಜ್ವಾಲಾಮುಖಿ, ಹಿಮನದಿ, ಮಳೆಕಾಡು, ತಿಮಿಂಗಿಲಗಳು ಸುಳಿದಾಡುವ ಕಡಲು ಎಲ್ಲವೂ ಒಂದೇ ಪ್ರವಾಸದಲ್ಲಿ ದೊರೆಯುವ ಈ ನಾಡಿಗೆ ಹೊರಡುವವರು ತಮ್ಮ ದಿನಗಳನ್ನು ಸಾಮಾನ್ಯವಾಗಿ ಮೂರು ಪಾಲು ಮಾಡಿಕೊಳ್ಳುತ್ತಾರೆ: ಕಣ್ಣಿಗೆ ಪ್ರಕೃತಿ, ಮೈನವಿರೇಳಲು ಸಾಹಸ, ಒಂದು ಸಂಜೆಯ ಮಟ್ಟಿಗೆ ಮೂಲನಿವಾಸಿಗಳ ಕುಣಿತ ಮತ್ತು ಊಟ. ಯೋಜನೆ ದಾರಿ ತಪ್ಪುವುದು ಈ ವಿಂಗಡಣೆಯಲ್ಲಿಯೇ. ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನರಿಗೆ ಬೆಟ್ಟವೂ ಹೊಳೆಯೂ ಕುಲದ ಹಿರಿಯರು. ಪ್ರವಾಸಿಗ ಹತ್ತುವ ಪರ್ವತ, ಇಳಿಯುವ ಗುಹೆ, ಹುಟ್ಟು ಹಾಕುವ ನದಿ ಹಲವೆಡೆ ಇಂದಿಗೂ ಆ ಕುಲದವರ ಒಡೆತನದಲ್ಲಿ ಅಥವಾ ಪಾಲನೆಯಲ್ಲಿವೆ. ಆದ್ದರಿಂದ ಯಾವ ಊರನ್ನು ನೋಡಬೇಕೆಂಬುದಕ್ಕೂ ಮೊದಲು ಆ ಊರಿನಲ್ಲಿ ಯಾರ ಅತಿಥಿಯಾಗಿರಬೇಕೆಂಬುದನ್ನು ತಿಳಿದುಕೊಂಡರೆ ಉಳಿದ ನಿರ್ಧಾರಗಳು ಸುಲಭವಾಗುತ್ತವೆ.

ಮಾವೊರಿಗಳ ಪೂರ್ವಜರು ಪೂರ್ವ ಪಾಲಿನೇಷ್ಯದ ದ್ವೀಪಗಳಿಂದ ದೊಡ್ಡ ದೋಣಿಗಳಲ್ಲಿ ಸುಮಾರು 13ನೇ ಶತಮಾನದಲ್ಲಿ ಇಲ್ಲಿಗೆ ಬಂದು ನೆಲೆಸಿದರು. 1840ರ ಫೆಬ್ರವರಿ 6ರಂದು ಬ್ರಿಟಿಷ್ ರಾಜಸತ್ತೆಗೂ ಮಾವೊರಿ ಮುಖಂಡರಿಗೂ ನಡುವೆ ವೈಟಾಂಗಿ ಒಪ್ಪಂದವಾಯಿತಾದರೂ ಮುಂದಿನ ದಶಕಗಳಲ್ಲಿ ಯುದ್ಧ, ಮುಟ್ಟುಗೋಲು ಮತ್ತು ಮಾರಾಟಗಳ ಮೂಲಕ ಅವರ ಭೂಮಿಯ ಬಹುಪಾಲು ಕೈಬಿಟ್ಟುಹೋಯಿತು. 1975ರಲ್ಲಿ ಸ್ಥಾಪನೆಯಾದ ವೈಟಾಂಗಿ ನ್ಯಾಯಮಂಡಳಿಯ ಮುಂದೆ ಈ ಅನ್ಯಾಯಗಳ ವಿಚಾರಣೆ ನಡೆಯತೊಡಗಿದ ಮೇಲೆ, ‘ಇವಿ’ ಎಂದು ಕರೆಯುವ ಕುಲಸಮುದಾಯಗಳಿಗೆ ಕೆಲವು ಭೂಮಿಗಳೂ ಹಕ್ಕುಗಳೂ ಹಿಂದಿರುಗಿದವು. ಇಂದಿನ ಪ್ರವಾಸೋದ್ಯಮದ ಅನೇಕ ಸಂಸ್ಥೆಗಳನ್ನು ಈ ಸಮುದಾಯಗಳೇ ನಡೆಸುತ್ತಿರುವುದು ಆ ಹೋರಾಟದ ಫಲವೂ ಹೌದು.

ದಾರಿಯ ದಿಕ್ಕು ಉತ್ತರದಿಂದ ದಕ್ಷಿಣಕ್ಕಿರುವುದು ಒಳ್ಳೆಯದು. ಆಕ್ಲೆಂಡಿನಲ್ಲಿ ಇಳಿದು ಕ್ರೈಸ್ಟ್‌ಚರ್ಚ್ ಅಥವಾ ಕ್ವೀನ್ಸ್‌ಟೌನಿನಿಂದ ಮರಳುವಂತೆ ಟಿಕೆಟು ಮಾಡಿಸಿದರೆ ಬಂದ ದಾರಿಯಲ್ಲೇ ಹಿಂದಿರುಗುವ ಎರಡು ದಿನ ಉಳಿಯುತ್ತವೆ. ಜೊತೆಗೆ ಮಾವೊರಿ ಜನಸಂಖ್ಯೆ ಹೆಚ್ಚಾಗಿರುವ ಉತ್ತರ ದ್ವೀಪದಲ್ಲಿ ಮೊದಲ ವಾರ ಕಳೆದವರಿಗೆ ದಕ್ಷಿಣದ ಹಿಮಪರ್ವತಗಳು ಬರಿಯ ದೃಶ್ಯವಾಗಿ ಉಳಿಯುವುದಿಲ್ಲ. ಅಲ್ಲಿನ ಬೇಸಿಗೆಯಾದ ಡಿಸೆಂಬರಿನಿಂದ ಫೆಬ್ರವರಿಯವರೆಗೆ ಜನಸಂದಣಿಯೂ ದರವೂ ಏರಿರುತ್ತವೆ. ಕರ್ನಾಟಕದ ಶಾಲೆಗಳಿಗೆ ರಜೆ ಬರುವ ಏಪ್ರಿಲ್ ಅಲ್ಲಿ ಶರತ್ಕಾಲವಾಗಿದ್ದು, ಹಗಲು ಕೊಂಚ ಗಿಡ್ಡವಾದರೂ ಹವೆ ಹಿತವಾಗಿರುವುದರಿಂದ ಕುಟುಂಬದೊಡನೆ ಹೋಗುವವರಿಗೆ ಅದೇ ತಕ್ಕ ಕಾಲ. ಇನ್ನು ಜೂನ್ ಇಲ್ಲವೇ ಜುಲೈ ತಿಂಗಳ ಚಳಿಯಲ್ಲಿ, ಕನ್ನಡಿಗರು ಕೃತ್ತಿಕೆ ಎನ್ನುವ ನಕ್ಷತ್ರಪುಂಜ ಮುಂಜಾನೆ ಮತ್ತೆ ಮೂಡುವುದನ್ನು ಮಾವೊರಿಗಳು ‘ಮತಾರಿಕಿ’ ಎಂಬ ಹೊಸವರ್ಷವಾಗಿ ಆಚರಿಸುತ್ತಾರೆ. 2022ರಿಂದ ಅದು ರಾಷ್ಟ್ರೀಯ ರಜಾದಿನ.

ಮೊದಲ ದೀರ್ಘ ತಂಗುವಿಕೆ ರೊಟೊರುವಾದಲ್ಲಿರಲಿ. ಗಂಧಕದ ವಾಸನೆ ತುಂಬಿದ ಈ ಊರಿನಲ್ಲಿ ನೆಲದಿಂದ ಆವಿ ಏಳುತ್ತದೆ, ಕೆಸರು ಕುದಿಯುತ್ತದೆ, ಬಿಸಿನೀರಿನ ಬುಗ್ಗೆಗಳು ಆಗಾಗ ಆಕಾಶಕ್ಕೆ ಚಿಮ್ಮುತ್ತವೆ. 1886ರ ಜೂನ್ 10ರಂದು ತಾರಾವೆರಾ ಪರ್ವತ ಸ್ಫೋಟಿಸಿದಾಗ, ಯುರೋಪಿನಿಂದ ಪ್ರವಾಸಿಗರನ್ನು ಸೆಳೆಯುತ್ತಿದ್ದ ಗುಲಾಬಿ ಮತ್ತು ಬಿಳಿ ಬಣ್ಣದ ಸಿಲಿಕಾ ಸೋಪಾನಗಳು ಕಣ್ಮರೆಯಾದವು. ಮನೆ ಕಳೆದುಕೊಂಡ ತೂಹೊರಾಂಗಿ ಕುಲದ ಜನರಲ್ಲಿ ಅನೇಕರು ಫಾಕಾರೆವಾರೆವಾ ಎಂಬ ಹಳ್ಳಿಗೆ ಬಂದು ನೆಲೆಸಿ, ತಮ್ಮ ಮಾರ್ಗದರ್ಶಿ ವೃತ್ತಿಯನ್ನು ಅಲ್ಲಿ ಮುಂದುವರಿಸಿದರು. ಆ ಹಳ್ಳಿಯಲ್ಲಿ ಇಂದಿಗೂ ಜನ ವಾಸವಾಗಿದ್ದು ಕುದಿಯುವ ಕೊಳದಲ್ಲಿ ಜೋಳದ ತೆನೆ ಬೇಯಿಸುತ್ತಾರೆ, ಆವಿಯ ಮೇಲೆ ಅಡುಗೆ ಮಾಡುತ್ತಾರೆ, ಮತ್ತು ತಾವೇ ಪ್ರವಾಸಿಗರನ್ನು ಸುತ್ತಾಡಿಸುತ್ತಾರೆ. ಸಭಾಂಗಣದ ರಂಜನೆಗಿಂತ ಇಂಥ ವಾಸದ ಊರಿನಲ್ಲಿ ಕಳೆದ ಅರ್ಧ ದಿನ ಹೆಚ್ಚು ಕಲಿಸುತ್ತದೆಂಬುದರಲ್ಲಿ ಸಂದೇಹವಿಲ್ಲ.

ಮಾವೊರಿ ಸಮುದಾಯಜೀವನದ ಕೇಂದ್ರವಾದ ಸಭಾಸ್ಥಳಕ್ಕೆ ‘ಮರಾಯೆ’ ಎಂದೂ ಅಲ್ಲಿ ಹೊರಗಿನವರನ್ನು ಬರಮಾಡಿಕೊಳ್ಳುವ ವಿಧಿಗೆ ‘ಪೋಫಿರಿ’ ಎಂದೂ ಹೆಸರು. ಮಹಿಳೆಯೊಬ್ಬರ ಕರೆಯಿಂದ ಆರಂಭವಾಗುವ ಈ ವಿಧಿಯಲ್ಲಿ ಕೆಲವೊಮ್ಮೆ ಯೋಧನೊಬ್ಬ ಮುಂದೆ ಬಂದು ಸೊಪ್ಪಿನ ಕಡ್ಡಿ ಅಥವಾ ಗರಿಯೊಂದನ್ನು ನೆಲದಲ್ಲಿಡುತ್ತಾನೆ; ಬಂದವರು ಶಾಂತಿಯಿಂದ ಬಂದಿದ್ದಾರೆಯೇ ಎಂದು ಪರೀಕ್ಷಿಸುವ ಗಂಭೀರ ಕ್ಷಣ ಅದಾಗಿರುವುದರಿಂದ ಅತಿಥಿಗಳು ನಗುವುದಾಗಲಿ ಅವನ ಮುಖಭಾವವನ್ನು ಅನುಕರಿಸುವುದಾಗಲಿ ಅಗೌರವ. ಭಾಷಣ ಮತ್ತು ಹಾಡುಗಳ ನಂತರ ಮೂಗಿಗೆ ಮೂಗು, ಹಣೆಗೆ ಹಣೆ ತಾಗಿಸುವ ‘ಹೊಂಗಿ’ ಎಂಬ ವಂದನೆ, ಆಮೇಲೆ ಊಟ. ಸಭಾಗೃಹದ ಹೊರಗೆ ಪಾದರಕ್ಷೆ ಬಿಡುವುದು ಕನ್ನಡಿಗರಿಗೆ ಹೇಳಿಕೊಡಬೇಕಾದ ಮಾತಲ್ಲ. ಆದರೆ ಊಟದ ಮೇಜಿನ ಮೇಲೆ ಅಥವಾ ತಲೆದಿಂಬಿನ ಮೇಲೆ ಕೂರಬಾರದೆಂಬುದನ್ನು ನೆನಪಿಡಬೇಕು. ಕಾದ ಕಲ್ಲುಗಳ ಮೇಲೆ ನೆಲದೊಳಗೆ ಬೇಯಿಸುವ ‘ಹಾಂಗಿ’ ಅಡುಗೆಯಲ್ಲಿ ಮಾಂಸವೂ ಗೆಣಸು, ಕುಂಬಳಗಳೂ ಒಟ್ಟಿಗಿರುವುದರಿಂದ ಸಸ್ಯಾಹಾರಿಗಳು ಕಾಯ್ದಿರಿಸುವಾಗಲೇ ತಿಳಿಸತಕ್ಕದ್ದು.

ರೊಟೊರುವಾದಿಂದ ಪಶ್ಚಿಮಕ್ಕಿರುವ ವೈಟೊಮೊ ಸುಣ್ಣಕಲ್ಲಿನ ಗುಹೆಗಳಲ್ಲಿ, ನೊಣದ ಜಾತಿಯ ಕೀಟವೊಂದರ ಮರಿಹುಳುಗಳು ನೀಲಿ ಬೆಳಕು ಸೂಸುತ್ತ ಛಾವಣಿಯಿಡೀ ಹರಡಿರುತ್ತವೆ. 1887ರಲ್ಲಿ ಗುಹೆಯನ್ನು ಒಳಹೊಕ್ಕು ಶೋಧಿಸಿದವರಲ್ಲಿ ಒಬ್ಬನಾದ ಮಾವೊರಿ ಮುಖಂಡ ತಾನೆ ತಿನೊರಾವುವಿನ ವಂಶಸ್ಥರಿಗೆ ಅದರ ಒಡೆತನ 1989ರಲ್ಲಿ ಹಿಂದಿರುಗಿತು.

ಅಲ್ಲಿಂದ ದಕ್ಷಿಣಕ್ಕೆ ಸಾಗಿದರೆ ಟೊಂಗಾರಿರೊ, ಙಾವುರುಹೊಯೆ, ರುವಾಪೆಹು ಎಂಬ ಮೂರು ಜ್ವಾಲಾಮುಖಿಗಳ ನಾಡು. ಭೂಮಿ ಹಂಚಿಕೆಯಾಗಿ ಮಾರಾಟವಾಗುವ ಭೀತಿಯಿದ್ದ 1887ರಲ್ಲಿ ಅಲ್ಲಿನ ಮುಖಂಡ ತೆ ಹೆವುಹೆವು ತೂಕಿನೊ ಈ ಶಿಖರಗಳನ್ನು ರಾಜಸತ್ತೆಗೆ ಒಪ್ಪಿಸಿದನು. ಆ ಕುಲದವರ ದೃಷ್ಟಿಯಲ್ಲಿ ಅದು ಹಕ್ಕು ಬಿಟ್ಟುಕೊಟ್ಟ ದಾನವಾಗಿರದೆ ಒಟ್ಟಾಗಿ ಕಾಪಾಡುವ ಒಡಂಬಡಿಕೆಯಾಗಿತ್ತು. ದೇಶದ ಮೊದಲ ರಾಷ್ಟ್ರೀಯ ಉದ್ಯಾನ ಹುಟ್ಟಿದ್ದು ಹೀಗೆ. 1990ರಲ್ಲಿ ಪ್ರಕೃತಿಗಾಗಿ ಯುನೆಸ್ಕೊ ಪಟ್ಟಿಗೆ ಸೇರಿದ ಈ ಉದ್ಯಾನ 1993ರಲ್ಲಿ ‘ಸಾಂಸ್ಕೃತಿಕ ಭೂದೃಶ್ಯ’ವೆಂದು, ಅಂದರೆ ಮನುಷ್ಯರ ನಂಬಿಕೆಗಳಿಂದ ಅರ್ಥ ಪಡೆದ ನೆಲವೆಂದು, ಜಗತ್ತಿನಲ್ಲೇ ಮೊದಲಿಗೆ ಮಾನ್ಯತೆ ಗಳಿಸಿತು. ಇಲ್ಲಿ ಕುಳಿಗಳ ನಡುವೆ ಹಾದುಹೋಗುವ ಸುಮಾರು 20 ಕಿಲೋಮೀಟರಿನ ಒಂದು ದಿನದ ನಡಿಗೆ ಬಹು ಪ್ರಸಿದ್ಧ. ಏಳೆಂಟು ಗಂಟೆ ಹಿಡಿಯುವ ಈ ದಾರಿಯಲ್ಲಿ ಹವಾಮಾನ ಗಳಿಗೆಗೊಂದು ಬಗೆ ಬದಲಾಗುವುದರಿಂದ ಎರಡು ದಿನವನ್ನಾದರೂ ಕೈಯಲ್ಲಿಟ್ಟುಕೊಂಡು ಹೋಗಬೇಕು. ಶಿಖರಗಳನ್ನು ಹತ್ತಬೇಡಿ, ಹಸಿರು ಕೊಳಗಳ ನೀರು ಮುಟ್ಟಬೇಡಿ ಎಂದು ಕುಲದವರು ಕೇಳಿಕೊಳ್ಳುತ್ತಾರೆ. ಕಾನೂನಿನ ತಡೆಯಿಲ್ಲದಿದ್ದರೂ ಈ ಮಾತನ್ನು ನಡೆಸಿಕೊಡುವುದೇ ಸರಿ.

ಪ್ರಕೃತಿ, ಸಂಸ್ಕೃತಿ, ಸಾಹಸ ಮೂರೂ ಒಂದಾಗುವ ಸ್ಥಳವೊಂದನ್ನು ಆರಿಸಬೇಕೆಂದರೆ ಅದು ಇದೇ ಪರ್ವತಗಳಲ್ಲಿ ಹುಟ್ಟಿ ಸುಮಾರು 290 ಕಿಲೋಮೀಟರ್ ಹರಿಯುವ ವಾಂಗನುಯಿ ನದಿ. ದೇಶದ ಹೆಸರಾಂತ ದೀರ್ಘ ನಡಿಗೆದಾರಿಗಳ ಪಟ್ಟಿಯಲ್ಲಿ, ನಡೆಯದೆ ದೋಣಿಯಲ್ಲೇ ಸಾಗಬೇಕಾದ ಏಕೈಕ ದಾರಿ ಇದು: ತವುಮರುನುಯಿಯಿಂದ ಪಿಪಿರಿಕಿವರೆಗೆ 145 ಕಿಲೋಮೀಟರಿಗೆ ಐದು ದಿನ, ಫಾಕಾಹೊರೊದಿಂದ ಹೊರಟರೆ 87 ಕಿಲೋಮೀಟರಿಗೆ ಮೂರು ದಿನ. ಕೊರಕಲುಗಳ ನಡುವೆ ಜರಿಗಿಡ ತುಂಬಿದ ದಡಗಳ ಪಕ್ಕ ಇಬ್ಬರು ಕೂರುವ ಕನೂ ದೋಣಿಯಲ್ಲಿ, ನೀರು ಹೋಗದ ಪೀಪಾಯಿಗಳಲ್ಲಿ ಬಟ್ಟೆ ಮತ್ತು ದಿನಸಿ ತುಂಬಿಕೊಂಡು ಸಾಗುವ ಈ ಪಯಣ ಹೊಸಬರಿಗೂ ಸಾಧ್ಯ. ಮಳೆಯ ನಂತರ ನೀರು ದಿಢೀರನೆ ಏರುವುದರಿಂದ ದೋಣಿ ಕೊಡುವವರು ಬೇಡವೆಂದ ದಿನ ಇಳಿಯಬಾರದಷ್ಟೇ. ದಾರಿಯಲ್ಲಿ, ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರಿಗೆ ಕೊಟ್ಟ ಕಣಿವೆಗಾಗಿ 1936ರಲ್ಲಿ ಕಟ್ಟಿದ ಕಾಂಕ್ರೀಟ್ ಸೇತುವೆಯೊಂದು ಕಾಡಿನ ನಡುವೆ ಒಂಟಿಯಾಗಿ ನಿಂತಿದೆ. ಕೆಲವೇ ವರ್ಷಗಳಲ್ಲಿ ಆ ಕಣಿವೆಯನ್ನು ಜನ ತೊರೆದರು. ತಿಯೆಕೆ ಕಾಯಿಂಗಾ ಎಂಬ ತಂಗುದಾಣವು ಸರ್ಕಾರಿ ವಿಶ್ರಾಂತಿಗೃಹವೂ ಹೌದು, ನದಿಯವರ ಮರಾಯೆಯೂ ಹೌದು. ಕುಲದವರು ಅಲ್ಲಿದ್ದಾಗ ದೋಣಿಯಿಂದ ಇಳಿದವರನ್ನು ವಿಧಿಪೂರ್ವಕವಾಗಿ ಬರಮಾಡಿಕೊಳ್ಳುತ್ತಾರೆ, ಮತ್ತು ಆ ಸ್ವಾಗತಕ್ಕೆ ಟಿಕೆಟಿಲ್ಲ.

ಈ ನದಿಗಾಗಿ ಅಲ್ಲಿನ ಜನ ಒಂದು ಶತಮಾನಕ್ಕೂ ಹೆಚ್ಚು ಕಾಲ ಹೋರಾಡಿದ ಮೇಲೆ, 2017ರ ಮಾರ್ಚಿನಲ್ಲಿ ನ್ಯೂಜಿಲೆಂಡಿನ ಸಂಸತ್ತು ಪರ್ವತದಿಂದ ಸಮುದ್ರದವರೆಗಿನ ನದಿಯನ್ನು ಜೀವಂತ ಅಖಂಡತೆಯೆಂದು ಒಪ್ಪಿ ಅದಕ್ಕೆ ಕಾನೂನಿನ ದೃಷ್ಟಿಯಲ್ಲಿ ವ್ಯಕ್ತಿಯ ಹಕ್ಕು, ಹೊಣೆಗಳನ್ನು ನೀಡಿತು; ಕುಲಗಳು ಆರಿಸಿದ ಒಬ್ಬರು, ಸರ್ಕಾರ ಆರಿಸಿದ ಒಬ್ಬರು ಅದರ ಪರವಾಗಿ ಮಾತನಾಡುತ್ತಾರೆ. ಅದೇ ತಿಂಗಳು ಉತ್ತರಾಖಂಡದ ಹೈಕೋರ್ಟು ಗಂಗೆ, ಯಮುನೆಯರಿಗೂ ಅಂಥದೇ ಸ್ಥಾನ ಕೊಟ್ಟಿತಾದರೂ ಜುಲೈನಲ್ಲಿ ಸುಪ್ರೀಂ ಕೋರ್ಟು ಆ ಆದೇಶಕ್ಕೆ ತಡೆ ನೀಡಿತು. ನದಿಯನ್ನು ತಾಯಿಯೆಂದು ಕರೆದು ಅದಕ್ಕೇ ಕೊಳಚೆ ಹರಿಸುವ ನಾಡಿನಿಂದ ಹೋದವರು ವಾಂಗನುಯಿಯ ಮೇಲೆ ಮೂರು ದಿನ ಕಳೆಯುವುದು ಬರಿಯ ಮೋಜಿನ ಸಂಗತಿಯಾಗಿ ಉಳಿಯಲಾರದು.

ಉತ್ತರ ದ್ವೀಪದ ವೆಲಿಂಗ್ಟನ್ನಿನಿಂದ ದಕ್ಷಿಣ ದ್ವೀಪದ ಪಿಕ್ಟನ್ನಿಗೆ ಕುಕ್ ಜಲಸಂಧಿಯನ್ನು ದಾಟುವ ಹಡಗಿನ ಪಯಣ ಸುಮಾರು ಮೂರೂವರೆ ಗಂಟೆಯದು. ಅನಂತರದ ನಿಲುಗಡೆ ಕೈಕೋರಾ: ದಡದ ಸಮೀಪದಲ್ಲೇ ಕಡಲಾಳ ಒಂದು ಕಿಲೋಮೀಟರಿಗೂ ಮೀರಿ ಇಳಿಯುವುದರಿಂದ ಆಳದಲ್ಲಿ ಬೇಟೆಯಾಡುವ ಸ್ಪರ್ಮ್ ತಿಮಿಂಗಿಲಗಳು ಇಲ್ಲಿ ವರ್ಷವಿಡೀ ಕಾಣಸಿಗುತ್ತವೆ. 1980ರ ದಶಕದಲ್ಲಿ ಊರಿನ ಉದ್ಯೋಗಗಳು ಕುಸಿದಾಗ ಕೆಲವು ಮಾವೊರಿ ಕುಟುಂಬಗಳು ಮನೆಗಳನ್ನು ಅಡವಿಟ್ಟು 1987ರಲ್ಲಿ ಆರಂಭಿಸಿದ ತಿಮಿಂಗಿಲ ವೀಕ್ಷಣೆಯ ದೋಣಿಗಳೇ ಈಗ ಊರಿನ ಆಧಾರ. ಮುಂದೆ 3,724 ಮೀಟರ್ ಎತ್ತರದ ಆವೊರಾಕಿ ಅಥವಾ ಮೌಂಟ್ ಕುಕ್. ದಕ್ಷಿಣ ದ್ವೀಪದ ಙಾಯ್ ತಾಹು ಕುಲಕ್ಕೆ ಈ ಪರ್ವತ ಪೂರ್ವಜ, ಮತ್ತು 1998ರ ಪರಿಹಾರ ಕಾಯ್ದೆಯ ಮೂಲಕ ಅದರ ಹಳೆಯ ಹೆಸರು ಅಧಿಕೃತವಾಗಿ ಮರಳಿತು. ಕ್ವೀನ್ಸ್‌ಟೌನಿನ ಬಳಿಯ 43 ಮೀಟರ್ ಎತ್ತರದ ಕವಾರಾವು ಸೇತುವೆಯಲ್ಲಿ 1988ರಿಂದ ಬಂಜಿ ಜಿಗಿತ ನಡೆಯುತ್ತಿದೆ. ಎರಡು ರಾತ್ರಿ ಅಲ್ಲಿಗೆ ಸಾಕು. ಪಿಯೊಪಿಯೊತಾಹಿ ಅಥವಾ ಮಿಲ್ಫರ್ಡ್ ಕಡಲಕೊಲ್ಲಿಯನ್ನು ಕ್ವೀನ್ಸ್‌ಟೌನಿನಿಂದ ಒಂದೇ ದಿನದಲ್ಲಿ ಹೋಗಿಬರುವುದು ದಣಿವಿನ ಕೆಲಸವಾದ್ದರಿಂದ ತೆ ಅನಾವು ಎಂಬ ಊರಿನಲ್ಲಿ ತಂಗಬೇಕು. ಆಗುಂಬೆಯ ಸಮಕ್ಕೆ ವರ್ಷಕ್ಕೆ ಸುಮಾರು 6,800 ಮಿಲಿಮೀಟರ್ ಸುರಿಯುವ ಅಲ್ಲಿ ಮಳೆಯ ದಿನವೇ ನೂರಾರು ಜಲಪಾತಗಳು ಜೀವ ತಳೆಯುತ್ತವೆ.

ಸಾಹಸದ ವಿಷಯದಲ್ಲಿ ಎಚ್ಚರ ಅಗತ್ಯ. 2019ರ ಡಿಸೆಂಬರ್ 9ರಂದು ಫಾಕಾರಿ ಜ್ವಾಲಾಮುಖಿ ದ್ವೀಪ ಸ್ಫೋಟಿಸಿದಾಗ ಅಲ್ಲಿದ್ದ 47 ಜನರಲ್ಲಿ 22 ಮಂದಿ ಪ್ರಾಣ ಕಳೆದುಕೊಂಡರು. ಸಾಹಸ ಚಟುವಟಿಕೆ ನಡೆಸುವವರ ಸರ್ಕಾರಿ ನೋಂದಣಿ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು, ನೋಡಿಯೇ ಹಣ ಕಟ್ಟಬೇಕು. ಅಪಘಾತದ ಗಾಯಗಳ ಚಿಕಿತ್ಸೆಗೆ ಅಲ್ಲಿನ ಸರ್ಕಾರದ ಯೋಜನೆ ಪ್ರವಾಸಿಗರಿಗೂ ನೆರವಾಗುತ್ತದೆ, ಕಾಯಿಲೆಗೆ ಮಾತ್ರ ನೆರವಿಲ್ಲ. ಆದ್ದರಿಂದ ಪ್ರವಾಸ ವಿಮೆ ಬೇಕೇ ಬೇಕು.

ಭಾರತೀಯರು ವೀಸಾ ಪಡೆದೇ ಹೋಗಬೇಕು. ಹೊರಗಿನ ಕೀಟ ಮತ್ತು ರೋಗಗಳಿಂದ ತನ್ನ ಕಾಡುಗಳನ್ನು ಕಾಪಾಡಿಕೊಳ್ಳಲು ಹೆಣಗುತ್ತಿರುವ ದೇಶ ಅದಾದ್ದರಿಂದ ಚಟ್ನಿಪುಡಿ, ಉಪ್ಪಿನಕಾಯಿ, ತುಪ್ಪ, ಬೇಳೆ ಏನೇ ಒಯ್ದರೂ ವಿಮಾನ ನಿಲ್ದಾಣದಲ್ಲಿ ಘೋಷಿಸತಕ್ಕದ್ದು. ಘೋಷಿಸದೆ ಸಿಕ್ಕಿಬಿದ್ದರೆ ಸ್ಥಳದಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ. ಬೂಟಿನ ಅಡಿಯ ಮಣ್ಣನ್ನೂ ಊರಿನಲ್ಲೇ ತೊಳೆದುಕೊಂಡಿರಬೇಕು. ಅಡುಗೆಮನೆಯಿರುವ ಮೋಟೆಲುಗಳು ಎಲ್ಲೆಡೆ ಸಿಗುವುದರಿಂದ ಅನ್ನ-ಸಾರಿನ ಚಿಂತೆಯಿಲ್ಲ. ವಾಹನಗಳು ಎಡಗಡೆಯೇ ಚಲಿಸುತ್ತವಾದರೂ ರಸ್ತೆಗಳು ಕಿರಿದಾಗಿ ತಿರುವುಗಳಿಂದ ಕೂಡಿರುವುದರಿಂದ ನಕ್ಷೆ ತೋರಿಸುವ ಹೊತ್ತಿಗಿಂತ ಹೆಚ್ಚು ಹಿಡಿಯುತ್ತದೆ.

ಈ ಪೂರ್ತಿ ದಾರಿಗೆ ಮೂರು ವಾರ ಬೇಕು, ಪ್ರತಿ ನಿಲುಗಡೆಯಲ್ಲಿ ಕನಿಷ್ಠ ಎರಡು ರಾತ್ರಿ. ಹತ್ತೇ ದಿನ ರಜೆಯಿರುವವರು ಎರಡೂ ದ್ವೀಪಗಳನ್ನು ಮುಟ್ಟಿ ಬರುವ ಆಸೆಯನ್ನು ಬಿಟ್ಟು, ರೊಟೊರುವಾ, ಟೊಂಗಾರಿರೊ, ವಾಂಗನುಯಿ ಈ ಮೂರಕ್ಕೇ ಆ ದಿನಗಳನ್ನು ಕೊಡಲಿ. ದಕ್ಷಿಣ ದ್ವೀಪ ಇನ್ನೊಂದು ವರ್ಷಕ್ಕಿರಲಿ.