ಆಕರ ನಿರ್ದೇಶನದ ಕ್ರಮ: ಶಿಕಾರಿಪುರ–ಸೊರಬ ಶಾಸನಗಳ ನಿದರ್ಶನದೊಡನೆ

ಸಂಶೋಧನ ಪ್ರಬಂಧದಲ್ಲಿ ಆಕರವನ್ನು ನಿರ್ದೇಶಿಸುವುದೆಂದರೆ ಪುಟದ ಅಡಿಯಲ್ಲಿ ಒಂದೆರಡು ಗ್ರಂಥಗಳ ಹೆಸರನ್ನು ಬರೆಯುವುದೆಂದು ಅನೇಕ ವಿದ್ಯಾರ್ಥಿಗಳು ಭಾವಿಸುವುದುಂಟು. ವಸ್ತುತಃ ಅದರ ಪ್ರಯೋಜನವೇ ಬೇರೆ. ಪ್ರಬಂಧಕಾರನು ನೋಡಿದ ಅದೇ ಕಲ್ಲನ್ನು, ಅದೇ ಗರಿಯನ್ನು, ಅದೇ ಪುಟವನ್ನು ಓದುಗನೂ ನೋಡಿ, ಹೇಳಿದ ಮಾತು ಅಲ್ಲಿ ಇದೆಯೇ ಎಂದು ಪರೀಕ್ಷಿಸಲು ಶಕ್ಯವಾಗಬೇಕು. ಇದಕ್ಕೆ ಎಡೆಗೊಡದ ನಿರ್ದೇಶನವು ಇದ್ದೂ ಇಲ್ಲದಂತೆ. ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಜೈನ ಶಾಸನಗಳನ್ನು ಉಲ್ಲೇಖಿಸುವಾಗ ಒದಗುವ ತೊಡಕುಗಳಿಂದ ಈ ಸಂಗತಿ ಸ್ಪಷ್ಟವಾಗುತ್ತದೆ.

ಬಿ. ಎಲ್. ರೈಸ್ ಅವರು ಸಂಪಾದಿಸಿದ ಎಪಿಗ್ರಾಫಿಯ ಕರ್ನಾಟಿಕದ 7ನೆಯ ಸಂಪುಟದಲ್ಲಿ (1902) ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳೂ, 8ನೆಯ ಸಂಪುಟದಲ್ಲಿ (1904) ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳೂ ಅಡಕವಾಗಿವೆ. ಪ್ರತಿಯೊಂದು ತಾಲ್ಲೂಕಿಗೂ ಕ್ರಮಸಂಖ್ಯೆ ಹೊಸದಾಗಿ ಒಂದರಿಂದ ಆರಂಭವಾಗುತ್ತದೆ. ಆದುದರಿಂದ ‘8ನೆಯ ಸಂಪುಟ, ಸಂಖ್ಯೆ 35’ ಎಂದಷ್ಟೇ ಬರೆದರೆ ಯಾವ ತಾಲ್ಲೂಕಿನ ಶಾಸನವೆಂಬುದು ತಿಳಿಯದು. ‘ಶಿ.’ ಎಂಬ ಸಂಕ್ಷೇಪವೂ ಸಾಲದು. ಅದು ಶಿವಮೊಗ್ಗಕ್ಕೂ ಶಿಕಾರಿಪುರಕ್ಕೂ ಸಲ್ಲುತ್ತದೆ. ತಾಲ್ಲೂಕಿನ ಹೆಸರಿನೊಡನೆ ಗ್ರಾಮದ ಹೆಸರನ್ನೂ ಕೊಡುವುದು ಅವಶ್ಯ. ಶಿಕಾರಿಪುರ 176 ಎಂಬುದು ತಾಳಗುಂದದ ಸ್ತಂಭಶಾಸನವೇ ಹೊರತು ಶಿಕಾರಿಪುರ ಪಟ್ಟಣದ ಶಾಸನವಲ್ಲ. ಹೊಂಬುಜದ ಶಾಸನಗಳು ರೈಸ್ ಸಂಪುಟದಲ್ಲಿ ನಗರ ತಾಲ್ಲೂಕಿನವಾಗಿ ಪ್ರಕಟವಾಗಿವೆ. ಇಂದು ಆ ಊರು ಹೊಸನಗರ ತಾಲ್ಲೂಕಿನಲ್ಲಿದೆ. ಇಂತಹ ಕಡೆ ಸಂಪುಟದ ಹೆಸರನ್ನು ಇದ್ದಂತೆಯೇ ಇಟ್ಟು, ಇಂದಿನ ತಾಲ್ಲೂಕನ್ನು ಪ್ರತ್ಯೇಕವಾಗಿ ಸೂಚಿಸತಕ್ಕದ್ದು.

ಆವೃತ್ತಿಯ ವಿಷಯ ಇನ್ನೂ ಮುಖ್ಯವಾದುದು. ಮೈಸೂರು ವಿಶ್ವವಿದ್ಯಾನಿಲಯವು 1972ರಿಂದ ಹೊರತಂದ ಪರಿಷ್ಕೃತ ಮಾಲೆಯಲ್ಲಿ 7ನೆಯ ಸಂಪುಟವು ಮಂಡ್ಯ ಜಿಲ್ಲೆಗೂ 8ನೆಯದು ಹಾಸನ ಜಿಲ್ಲೆಗೂ ಸೇರಿದುದು. ಸಂಪಾದಕರ ಹೆಸರನ್ನಾಗಲಿ ವರ್ಷವನ್ನಾಗಲಿ ಕೊಡದೆ ‘ಎ.ಕ. 7’ ಎಂದರೆ ಬಂದಳಿಕೆಯನ್ನು ಅರಸುವ ಓದುಗನು ನಾಗಮಂಗಲಕ್ಕೆ ಹೋಗಬೇಕಾದೀತು. ಶ್ರವಣಬೆಳಗೊಳದ ಸಂಪುಟದಲ್ಲಿಯೂ ಇದೇ ತೊಡಕು. 1889ರ ಆವೃತ್ತಿಯಲ್ಲಿ 144, ಆರ್. ನರಸಿಂಹಾಚಾರ್ಯರ 1923ರ ಆವೃತ್ತಿಯಲ್ಲಿ 500, 1973ರ ಆವೃತ್ತಿಯಲ್ಲಿ 573 ಶಾಸನಗಳಿವೆ. ಒಂದರ ಸಂಖ್ಯೆಯನ್ನು ಮತ್ತೊಂದರಲ್ಲಿ ಹುಡುಕುವುದು ವ್ಯರ್ಥಶ್ರಮ.

ಕಾಲನಿರ್ದೇಶನದಲ್ಲಿ ಆಗುವ ಅನರ್ಥಕ್ಕೆ ಜಕ್ಕಿಯಬ್ಬೆಯ ಶಾಸನವು (ಶಿಕಾರಿಪುರ 219, ಬಂದಳಿಕೆ) ನಿದರ್ಶನ. ಪತಿಯ ಮರಣಾನಂತರ ನಾಗರಖಂಡ ಎಪ್ಪತ್ತರ ನಾಳ್ಗಾವುಂಡತನವನ್ನು ವಹಿಸಿ, ಕಡೆಯಲ್ಲಿ ಬಂದಳಿಕೆಯ ತೀರ್ಥದಲ್ಲಿ ಸಲ್ಲೇಖನದಿಂದ ಮುಡಿಪಿದ ಈ ಮಹಿಳೆಯ ವೃತ್ತಾಂತ ಜೈನ ಚರಿತ್ರೆಯಲ್ಲಿ ಸುಪ್ರಸಿದ್ಧ. ಆದರೆ ಇದರ ವರ್ಷವು ಕೆಲವು ಗ್ರಂಥಗಳಲ್ಲಿ ಕ್ರಿ.ಶ. 911 ಎಂದೂ, ಕೆಲವುಗಳಲ್ಲಿ 918 ಎಂದೂ ಕಾಣುತ್ತದೆ. ವಿದ್ಯಾರ್ಥಿಯು ಇವುಗಳಲ್ಲಿ ಒಂದನ್ನು ಆಕರವಿಲ್ಲದೆ ಎತ್ತಿಕೊಂಡರೆ, ಆತನನ್ನು ನಂಬಿ ಬರೆಯುವವರು ಅದನ್ನೇ ಮುಂದುವರಿಸುತ್ತಾರೆ. ಭಿನ್ನತೆಯ ಮೂಲವನ್ನು ಪತ್ತೆಹಚ್ಚುವ ದಾರಿಯೇ ಮುಚ್ಚಿಹೋಗುತ್ತದೆ. ಶಾಸನೋಕ್ತವಾದ ಶಕವರ್ಷ, ಸಂವತ್ಸರಾದಿಗಳನ್ನು ಮೊದಲು ಕೊಟ್ಟು, ಕ್ರಿಸ್ತಶಕದ ಗಣನೆ ಯಾರದೆಂಬುದನ್ನು ಅನಂತರ ಹೇಳುವುದು ಸರಿಯಾದ ಕ್ರಮ.

ಸಾಕ್ಷಾತ್ ನೋಡಿದುದಕ್ಕೂ ಅನ್ಯರ ಮೂಲಕ ತಿಳಿದುದಕ್ಕೂ ಇರುವ ಭೇದವನ್ನು ಮರೆಮಾಡಬಾರದು. ಕದಂಬ ಕೀರ್ತಿದೇವನ ಅರಸಿ ಮಾಳಲದೇವಿಯು ಕುಪ್ಪಟೂರಿನ ಪಾರ್ಶ್ವದೇವ ಚೈತ್ಯಾಲಯಕ್ಕೆ ದತ್ತಿ ಬಿಟ್ಟ ವಿಷಯ ಸೊರಬ 262ರಲ್ಲಿದೆ. ಇದನ್ನು ಯಾವುದಾದರೊಂದು ಚರಿತ್ರೆಯ ಪುಸ್ತಕದಲ್ಲಿ ಓದಿದವನು ಆ ಪುಸ್ತಕದ ಹೆಸರನ್ನೇ ಕೊಟ್ಟು, ಅದರಲ್ಲಿ ಉಲ್ಲೇಖಿತವಾದ ಶಾಸನವೆಂದು ಹೇಳಬೇಕು. ಶಾಸನಪಾಠವನ್ನೇ ಓದಿದಂತೆ ತೋರಿಸಿಕೊಳ್ಳುವುದು ಸಲ್ಲದು. ರೈಸ್ ಅವರ ಇಂಗ್ಲಿಷ್ ಅನುವಾದವನ್ನು ಮಾತ್ರ ನೋಡಿದ್ದರೆ ಹಾಗೆಯೇ ಸೂಚಿಸಬೇಕು. ಸ್ಥಳಕ್ಕೆ ಹೋಗಿ ಕಲ್ಲನ್ನು ನೋಡಿದವನು, ಅಥವಾ ಅಚ್ಚುಪ್ರತಿಯನ್ನು ತೆಗೆದವನು, ನೋಡಿದ ದಿನಾಂಕವನ್ನೂ, ಮುದ್ರಿತ ಪಾಠಕ್ಕಿಂತ ಭಿನ್ನವಾಗಿ ಓದಿದ ಸಾಲನ್ನೂ ನಮೂದಿಸಿದರೆ ಅದು ಶಾಸ್ತ್ರಕ್ಕೆ ನಿಜವಾದ ಉಪಕಾರ. ಹಿರೇಆವಲಿಯಂತೆ ನಿಷಿಧಿಗಲ್ಲುಗಳು ಹಲವಾಗಿರುವ ಕಡೆ ಶಾಸನಸಂಖ್ಯೆಯಿಲ್ಲದೆ ‘ಹಿರೇಆವಲಿಯ ನಿಷಿಧಿ’ ಎಂದು ಬರೆಯುವುದರಿಂದ ಪ್ರಯೋಜನವಿಲ್ಲ.

ಹಸ್ತಪ್ರತಿಗಳಿಗೂ ಇದೇ ನ್ಯಾಯ. ಭಂಡಾರದ ಹೆಸರು, ಕಟ್ಟಿನ ಸಂಖ್ಯೆ, ಕೃತಿಯ ಹೆಸರು, ಗರಿಯ ಸಂಖ್ಯೆ, ಮುಂಬದಿ ಅಥವಾ ಹಿಂಬದಿ, ಸಾಲು, ಇವಿಷ್ಟೂ ಇರಬೇಕು. ಕೆ. ಭುಜಬಲಿ ಶಾಸ್ತ್ರಿಗಳ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ಯಂತಹ (1948) ಮುದ್ರಿತ ಸೂಚಿಯ ಸಂಖ್ಯೆಯನ್ನು ಬಳಸಿದಾಗ ಅದು ಸೂಚಿಯದೆಂದು ಸ್ಪಷ್ಟಪಡಿಸಬೇಕು. ಪ್ರತಿಕಾರನ ಕಾಲವನ್ನು ಕವಿಯ ಕಾಲವೆಂದು ಭ್ರಮಿಸಲು ಅವಕಾಶವಾಗದಂತೆ ಅವೆರಡನ್ನೂ ಬೇರೆಬೇರೆಯಾಗಿ ಹೇಳತಕ್ಕದ್ದು.

ಈ ಎಲ್ಲ ಅಂಶಗಳನ್ನು ಗಮನಿಸಿದರೆ ನಿರ್ದೇಶನವು ಹೀಗಿರಬಹುದು: ಎ.ಕ. 7 (ರೈಸ್, 1902), ಶಿಕಾರಿಪುರ 219, ಬಂದಳಿಕೆ, ಕನ್ನಡ ಪಾಠ. ಅನಂತರ ಸಾಲಿನ ಸಂಖ್ಯೆ. ಬರೆಯಲು ಒಂದು ಪಂಕ್ತಿ ಸಾಕು. ಪ್ರಬಂಧವನ್ನು ಪರಿಶೀಲಿಸುವ ವಿದ್ವಾಂಸರು ಇಂತಹ ಹತ್ತು ನಿರ್ದೇಶನಗಳನ್ನಾದರೂ ಸಂಪುಟದೊಡನೆ ಹೋಲಿಸಿ ನೋಡುವ ಪದ್ಧತಿಯನ್ನಿಟ್ಟುಕೊಂಡರೆ ವಿದ್ಯಾರ್ಥಿಗಳಲ್ಲಿ ಈ ಶಿಸ್ತು ತಾನಾಗಿ ನೆಲೆಗೊಳ್ಳುತ್ತದೆ.