ನೀರಿನೊಳಗೆ ತಲೆಕೆಳಗು: ದಿಕ್ಕು ತೋರುವವರು ಯಾರು?

ಲಿವರ್‌ಪೂಲ್ (ಸಿಡ್ನಿ): ಆಸ್ಟ್ರೇಲಿಯಾದಿಂದ ಮೊಮ್ಮಗಳ ಈಜಿನ ವಿಡಿಯೊ ಬರುತ್ತದೆ. ತೆರೆದು ನೋಡಿದರೆ ನೀರಿನ ಮೇಲೆ ಎರಡು ಕಾಲು ಮಾತ್ರ, ತಲೆ ನೀರಿನಡಿ. ಊರಿನಲ್ಲಿರುವ ಅಜ್ಜಿಯ ಎದೆ ಧಸಕ್ಕೆನ್ನುತ್ತದೆ. ಮೊದಲೇ ಕನ್ನಡಕ ಹಾಕುವ ಮಗು. ನೀರೊಳಗೆ ಮೇಲು ಯಾವುದು, ಕೆಳಗು ಯಾವುದು ಎಂದು ಅದಕ್ಕೆ ತಿಳಿಯುವುದಾದರೂ ಹೇಗೆ?

ಸಿಡ್ನಿಯ ನೈಋತ್ಯಕ್ಕಿರುವ ಲಿವರ್‌ಪೂಲ್‌ನಲ್ಲಿ, ವಿಟ್ಲಂ ಲೀಷರ್ ಸೆಂಟರ್‌ನಂತಹ ಕೊಳಗಳಲ್ಲಿ ಮಕ್ಕಳು ಚಿಕ್ಕಂದಿನಲ್ಲೇ ಈಜು ಕಲಿಯುತ್ತಾರೆ. ಈಜು ಬಂದ ಮೇಲೆ ಕೆಲವರ ಆಸೆ ಕಲಾತ್ಮಕ ಈಜಿನತ್ತ ಹೊರಳುವುದುಂಟು. ಸಂಗೀತಕ್ಕೆ ತಕ್ಕಂತೆ ನೀರಿನಲ್ಲಿ ನರ್ತಿಸುವ ಈ ಕ್ರೀಡೆಗೆ 2017ರವರೆಗೆ ಸಿಂಕ್ರೊನೈಸ್ಡ್ ಸ್ವಿಮ್ಮಿಂಗ್ ಎಂದೇ ಹೆಸರು. 2000ರ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಇದರ ಎರಡೂ ಚಿನ್ನ ರಷ್ಯಾದ ಪಾಲಾದವು. ನಮ್ಮ ಬೆಂಗಳೂರಿನ ನಿಶಾ ಮಿಲೆಟ್ 200 ಮೀಟರ್ ಫ್ರೀಸ್ಟೈಲ್ ಈಜಿದ್ದೂ ಅದೇ ಹೋಮ್‌ಬುಷ್ ಈಜು ಕೇಂದ್ರದಲ್ಲಿ. 2007ರಲ್ಲಿ ಮೆಲ್ಬರ್ನ್‌ನ ಟೆನಿಸ್ ಅಂಗಣ ರಾಡ್ ಲೇವರ್ ಅರೇನಾದಲ್ಲೇ ಕೊಳ ಕಟ್ಟಿ ವಿಶ್ವ ಸ್ಪರ್ಧೆ ನಡೆಸಲಾಗಿತ್ತು.

ಅಜ್ಜಿಯ ಪ್ರಶ್ನೆಗೆ ಉತ್ತರ ಮನೆಯಲ್ಲೇ ಇದೆ. ಗೋಡೆಯ ಪಕ್ಕ ಒಂಟಿ ಕಾಲಲ್ಲಿ ನಿಂತು ಕಣ್ಣು ಮುಚ್ಚಿ ನೋಡಿ. ದೇಹ ಓಲಾಡತೊಡಗುತ್ತದೆ. ನಮ್ಮ ಸಮತೋಲನಕ್ಕೆ ಕಣ್ಣು, ಒಳಕಿವಿ, ಸ್ನಾಯು-ಕೀಲುಗಳ ಅರಿವು, ಈ ಮೂರೂ ಬೇಕು. ನೀರಿನಲ್ಲಿ ಅಂಗಾಲಿಗೆ ನೆಲದ ಆಸರೆ ಇಲ್ಲ. ಹಾಗಾಗಿ ತಲೆಕೆಳಗಾದ ಈಜುಗಾರ್ತಿಗೆ ಕೊಳದ ಗೋಡೆ, ತಳದ ಕಪ್ಪು ಗೆರೆಗಳೇ ಗುರುತು. ಅವುಗಳ ಮೇಲೆ ನೋಟ ನಿಲ್ಲಿಸಿ ಬೆನ್ನು, ಸೊಂಟ, ಕಾಲುಗಳನ್ನು ಒಂದೇ ಗೆರೆಗೆ ತರುತ್ತಾಳೆ. ಜೊತೆಗಾರ್ತಿಯರ ಅಂತರ ಅಳೆಯುವುದೂ ಕಣ್ಣಿನಿಂದಲೇ.

ಆದರೆ ನೀರಿನಲ್ಲಿ ಬರಿಗಣ್ಣಿಗೆ ಎಲ್ಲವೂ ಮಸುಕು. ಬೆಳಕನ್ನು ಬಾಗಿಸುವ ಕಣ್ಣಿನ ಶಕ್ತಿಯಲ್ಲಿ ಸುಮಾರು ಮೂರನೇ ಎರಡು ಪಾಲು ಹೊರಪದರ ಕಾರ್ನಿಯಾದ್ದು. ನೀರಿನ ಸ್ಪರ್ಶದಲ್ಲಿ ಆ ಶಕ್ತಿ ಬಹುತೇಕ ಇಲ್ಲವಾಗುತ್ತದೆ. ಕನ್ನಡಕ ಹಾಕುವ ಮಗುವಿಗೂ ಹಾಕದ ಮಗುವಿಗೂ ಅಲ್ಲಿ ಹೆಚ್ಚು ವ್ಯತ್ಯಾಸವಿಲ್ಲ! ಆದ್ದರಿಂದಲೇ ಪಟ್ಟುಗಳನ್ನು ಮೊದಲು ನೆಲದ ಮೇಲೆ ಮತ್ತೆ ಮತ್ತೆ ಮಾಡಿಸುತ್ತಾರೆ. ಕಣ್ಣು ಕೈಕೊಟ್ಟರೂ ಮೈ ಮರೆಯಬಾರದು.

ಪೋಷಕರು ಗಮನಿಸಬೇಕಾದದ್ದಿಷ್ಟು: ಅಭ್ಯಾಸಕ್ಕೆ ಪವರ್ ಇರುವ ಈಜು ಕನ್ನಡಕ ಸಿಗುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ತೊಟ್ಟು ಹಾಗೇ ನೀರಿಗಿಳಿದರೆ ಕಣ್ಣಿಗೆ ಸೋಂಕಿನ ಅಪಾಯವಿದೆ. ಮಗು ಒಂಟಿಯಾಗಿ ಉಸಿರು ಬಿಗಿಹಿಡಿದು ಅಭ್ಯಾಸ ಮಾಡಲೇಬಾರದು. 2022ರಲ್ಲಿ ಬುಡಾಪೆಸ್ಟ್‌ನ ವಿಶ್ವ ಸ್ಪರ್ಧೆಯಲ್ಲಿ ಅಮೆರಿಕದ ಅನಿತಾ ಅಲ್ವಾರೆಜ್ ಪ್ರಜ್ಞೆ ತಪ್ಪಿ ಕೊಳದ ತಳಕ್ಕಿಳಿದಾಗ, ಅದನ್ನು ಕಂಡು ತಕ್ಷಣ ಧುಮುಕಿ ಮೇಲೆತ್ತಿದ್ದು ತರಬೇತುದಾರ್ತಿ ಆಂಡ್ರಿಯಾ ಫ್ಯುಯೆಂಟಿಸ್.

ಊರ ಬಾವಿಯಲ್ಲಿ ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತ ಅಜ್ಜಂದಿರಿಗೆ ಇದು ಹೊಸ ಮಾತಲ್ಲ. ಆಗಲೂ ದಡದಲ್ಲಿ ಹಿರಿಯರೊಬ್ಬರು ಕಣ್ಣಿಟ್ಟು ಕೂತಿರುತ್ತಿದ್ದರು. ವಿಡಿಯೊ ನೋಡಿ ಗಾಬರಿಯಾದ ಅಜ್ಜಿ ಫೋನಿನಲ್ಲಿ ಕೇಳಬೇಕಾದ್ದೂ ಅದನ್ನೇ: ‘ದಡದಲ್ಲಿ ಯಾರಿದ್ದರು, ಮಗಾ?’